ನಮ್ಮ ಹೆಸರು ಬೆಳೆ ಉಪಗ್ರಹದ ಕಣ್ಣಿಗೆ ಗೋವಿನಜೋಳ ಆದದ್ದು ಹೇಗೆ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆ ರೋಣ ತಾಲೂಕಿನ ಒಂದು ಹಳ್ಳಿ. ಅಪ್ಪನ ಹೆಸರಿನಲ್ಲಿ 2 ಎಕರೆ 20 ಗುಂಟೆ ಎರೆ ಹೊಲ ಇದೆ. ಉದ್ದನೆಯ ಪಟ್ಟಿ, ಅಗಲ ಸುಮಾರು 45 ಮೀಟರ್ ಇರಬಹುದು. ಮುಂಗಾರಿಗೆ ಹೆಸರು, ಅದನ್ನು ಕಿತ್ತ ಮೇಲೆ ಹಿಂಗಾರಿಗೆ ಕಡಲೆ. ಎರಡೂ ಬಾಜೂ ಹೊಲದವರು ಗೋವಿನಜೋಳ (ಮೆಕ್ಕೆಜೋಳ) ಹಾಕುತ್ತಾರೆ. ಹೋದ ಮುಂಗಾರಿನಲ್ಲಿ ಹೆಸರಿಗೆ ವಿಮೆ ತುಂಬಿದ್ದೆವು. ಕಾಯಿ ಬಲಿಯುವ ಹೊತ್ತಿಗೆ ಮಳೆ ಹಿಡಿದು ಬೆಳೆ ಹೋಯಿತು. ಊರಲ್ಲಿ ಉಳಿದವರಿಗೆ ಪರಿಹಾರ ಬಂತು, ನಮಗೆ ಬರಲಿಲ್ಲ. ವಿಚಾರಿಸಿದರೆ ದಾಖಲೆಯಲ್ಲಿ ನಮ್ಮ ಹೊಲ ಗೋವಿನಜೋಳ ಅಂತ ಇದೆಯಂತೆ. "ಸೆಟಲೈಟ್‌ನ್ಯಾಗ ಹಂಗ ಬಂದೈತಿ, ನಾವೇನು ಮಾಡೂಣು" ಅಂದುಬಿಟ್ಟರು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ತಮ್ಮ, ಉಪಗ್ರಹದ ಚಿತ್ರ ಪುಕ್ಕಟೆ ಸಿಗುತ್ತವೆ, ಅದರಿಂದಲೇ ಸಾಬೀತು ಮಾಡೋಣ ಅನ್ನುತ್ತಾನೆ. ಮೇಲಿನಿಂದ ನೋಡಿ ಬೆಳೆ ಯಾವುದು ಅಂತ ನಿಜವಾಗಿ ಗೊತ್ತಾಗುತ್ತದೆಯೇ? ಇನ್ನೊಂದು ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಕೂಡಿಸಿ ಹಾಕುತ್ತೇವೆ. ಅದನ್ನು ಏನಂತ ಬರೆದುಕೊಳ್ಳುತ್ತಾರೋ ಅಂತ ಈಗ ಚಿಂತೆ ಹತ್ತಿದೆ.

ಉತ್ತರ: ನಿಮ್ಮ ಚಿಂತೆ ಎರಡು. ಒಂದು, ಕೈತಪ್ಪಿದ ಪರಿಹಾರ. ಇನ್ನೊಂದು, ಆಕಾಶದಲ್ಲಿರುವ ಯಂತ್ರ ಒಮ್ಮೆ ಹೀಗೆ ಅಂದರೆ ನೆಲದ ಮೇಲಿರುವ ರೈತನ ಮಾತಿಗೆ ಬೆಲೆ ಇದೆಯೇ ಎನ್ನುವುದು. ಉಪಗ್ರಹ ಚಿತ್ರಗಳಿಂದ ಬೆಳೆ ನಕಾಶೆ ಮಾಡುವುದೇ ನನ್ನ ಕೆಲಸ. ಧಾರವಾಡ, ಗದಗ, ಹಾವೇರಿ ಕಡೆಯ ಹೊಲಗಳನ್ನು ಪರದೆಯ ಮೇಲೂ ನೋಡಿದ್ದೇನೆ, ಬದುವಿನ ಮೇಲೆ ನಿಂತೂ ನೋಡಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, "ಸೆಟಲೈಟ್‌ನ್ಯಾಗ ಹಂಗ ಬಂದೈತಿ" ಅನ್ನುವುದು ಉತ್ತರವಲ್ಲ. ಹಾಗೆ ಅಂದವರಿಗೆ ನೀವು ಮರುಪ್ರಶ್ನೆ ಕೇಳಬಹುದು: ಯಾವ ಉಪಗ್ರಹ, ಯಾವ ತಾರೀಖಿನ ಚಿತ್ರ, ಆ ಬೆಳೆಯ ಹೆಸರು ಬರೆದವರು ಯಾರು?

ಮೂರನೇ ಪ್ರಶ್ನೆಯಿಂದಲೇ ಶುರು ಮಾಡೋಣ. ನಿಮ್ಮ ಹಣ ಸಿಕ್ಕಿಕೊಂಡಿರುವುದು ಬಹುಶಃ ಅಲ್ಲೇ.

ನಮ್ಮ ರಾಜ್ಯದಲ್ಲಿ ಒಂದೊಂದು ಹಿಸ್ಸಾದ (ಸರ್ವೆ ನಂಬರಿನ ಒಳಪಾಲಿನ) ಬೆಳೆಯ ಹೆಸರು ದಾಖಲಾಗುವುದು ಬೆಳೆ ಸಮೀಕ್ಷೆಯಲ್ಲಿ. ಊರಿನದೇ ಒಬ್ಬ ಹುಡುಗ ಮೊಬೈಲ್ ಹಿಡಿದು ಹೊಲಕ್ಕೆ ಬರುತ್ತಾನೆ. ಆ್ಯಪ್‌ನಲ್ಲಿ ಸರ್ವೆ ನಂಬರ್, ಹಿಸ್ಸಾ ಆರಿಸುತ್ತಾನೆ, ಬೆಳೆಯ ಹೆಸರು ಒತ್ತುತ್ತಾನೆ, ಫೋಟೊ ತೆಗೆಯುತ್ತಾನೆ. ರೈತರು ತಾವೇ ಮಾಡಿಕೊಳ್ಳಲಿಕ್ಕೂ ಆ್ಯಪ್ ಇದೆ. ಅಂದರೆ ಬೆಳೆಯ ಹೆಸರು ಬರೆದದ್ದು ಮನುಷ್ಯನ ಬೆರಳು. ಉಪಗ್ರಹದ ಚಿತ್ರ ಅಲ್ಲಿ ಹಿನ್ನೆಲೆಯಲ್ಲಿ ಕಾಣುವ ನಕಾಶೆ ಮಾತ್ರ. ವಿಮೆಗೆ ತುಂಬಿದ ಬೆಳೆ ಮತ್ತು ಸಮೀಕ್ಷೆಯಲ್ಲಿ ಬರೆದ ಬೆಳೆ ತಾಳೆಯಾಗದಿದ್ದರೆ ಅರ್ಜಿ ತಿರಸ್ಕಾರ ಆಗುತ್ತದೆ. ನಿಮ್ಮದೂ ಹೀಗೇ ಆಗಿರುವ ಸಾಧ್ಯತೆ ಜಾಸ್ತಿ.

ಹೆಸರು ಎಪ್ಪತ್ತು ದಿನದ ಒಳಗಿನ ಬೆಳೆ. ಜೂನ್ ಮೊದಲ ವಾರ ಬಿತ್ತಿದರೆ ಆಗಸ್ಟ್ ಮಧ್ಯಕ್ಕೆ ಕಿತ್ತಿರುತ್ತೀರಿ. ಸಮೀಕ್ಷೆಯವರು ಅದಾದ ಮೇಲೆ ಬಂದರೆ ಅವರ ಕಣ್ಣಿಗೆ ಬೀಳುವುದು ಹರಗಿದ ಕರಿ ಮಣ್ಣು, ಎರಡೂ ಬಾಜೂ ಎದೆಯೆತ್ತರದ ಗೋವಿನಜೋಳ. ಮೊಬೈಲ್ ಜಿಪಿಎಸ್ ಹತ್ತಾರು ಅಡಿ ಅತ್ತಿತ್ತ ತೋರಿಸುವುದು ಮಾಮೂಲು. ನಿಮ್ಮ ಹೊಲದ ಅಗಲ ಕಡಿಮೆ. ಬಾಜೂ ಹೊಲದ ಫೋಟೊ ನಿಮ್ಮ ಹಿಸ್ಸಾಕ್ಕೆ ಸೇರಿಬಿಡಲು ಬಹಳ ಹೊತ್ತು ಬೇಕಿಲ್ಲ.

ಇನ್ನೂ ಒಂದು ಕಡೆ ತಪ್ಪು ಹೊಕ್ಕಿರಬಹುದು. ಬೆಳೆಸಾಲ ಇದ್ದವರಿಗೆ ಬ್ಯಾಂಕೇ ವಿಮೆ ಕಂತು ಕಟ್ಟುತ್ತದೆ, ಕೆಲವೊಮ್ಮೆ ಸಾಲದ ಅರ್ಜಿಯಲ್ಲಿದ್ದ ಹಳೆಯ ಬೆಳೆಯನ್ನೇ ಮುಂದುವರಿಸಿರುತ್ತದೆ. ವಿಮೆ ರಸೀದಿಯಲ್ಲಿ ಯಾವ ಬೆಳೆ ಇದೆ ಅಂತ ಒಮ್ಮೆ ಕಣ್ಣಾರೆ ನೋಡಿಬಿಡಿ. ಬೆಳೆ ಬದಲಿಸಿದರೆ ನೋಂದಣಿಯ ಕೊನೆಯ ದಿನಕ್ಕೆ ಎರಡು ದಿನ ಮುಂಚೆಯಾದರೂ ಬ್ಯಾಂಕಿಗೆ ಬರೆದುಕೊಡಬೇಕು ಅನ್ನುವುದು ಫಸಲ್ ಬಿಮಾ ಯೋಜನೆಯ ನಿಯಮ.

ಈಗ ನೀವು ಕೇಳಿದ ದೊಡ್ಡ ಪ್ರಶ್ನೆ. ಉಪಗ್ರಹಕ್ಕೆ ಬೆಳೆ ಗೊತ್ತಾಗುತ್ತದೆಯೇ?

ಒಂದೇ ಚಿತ್ರದಿಂದ ಗೊತ್ತಾಗುವುದಿಲ್ಲ. ಜುಲೈ ಕೊನೆಯಲ್ಲಿ ಮೇಲಿನಿಂದ ನೋಡಿದರೆ ಹೆಸರು, ಶೇಂಗಾ, ಗೋವಿನಜೋಳ, ಸೋಯಾ ಎಲ್ಲವೂ ಹಸಿರೇ. ಉಪಗ್ರಹದ ಕ್ಯಾಮೆರಾ ಕಾಯಿ ನೋಡುವುದಿಲ್ಲ, ಎಲೆಯ ಆಕಾರ ನೋಡುವುದಿಲ್ಲ. ನೆಲದಿಂದ ಮರಳಿ ಬರುವ ಬೆಳಕನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಅಳೆಯುತ್ತದೆ, ಅಷ್ಟೇ. ಹಸಿರು ಎಲೆ ಕೆಂಪು ಬೆಳಕನ್ನು ನುಂಗುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ಅವಕೆಂಪಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಒಂದು ಸಂಖ್ಯೆ ಬರುತ್ತದೆ. ಇದನ್ನು ಎನ್‌ಡಿವಿಐ ಅನ್ನುತ್ತೇವೆ, ಹಸಿರು ಸೂಚ್ಯಂಕ ಅಂದುಕೊಳ್ಳಿ. ಹರಗಿದ ಎರೆ ಹೊಲಕ್ಕೆ ಇದು 0.1, 0.2ರ ಆಸುಪಾಸು ಇರುತ್ತದೆ. ನೆಲ ಮುಚ್ಚಿ ನಿಂತ ಬೆಳೆಗೆ 0.7 ದಾಟುತ್ತದೆ.

ಗುರುತು ಸಿಗುವುದು ಈ ಸಂಖ್ಯೆ ವಾರದಿಂದ ವಾರಕ್ಕೆ ಹೇಗೆ ಏರಿತು, ಯಾವಾಗ ಇಳಿಯಿತು ಅನ್ನುವುದರಲ್ಲಿ. ದೂರದಲ್ಲಿ ಬರುತ್ತಿರುವವರ ಮುಖ ಕಾಣದಿದ್ದರೂ ನಡಿಗೆ ನೋಡಿ "ಇವರು ನಮ್ಮ ಕಾಕಾ" ಅಂತ ಹೇಳುತ್ತೇವಲ್ಲ, ಹಾಗೆ. ಹೆಸರು ಜೂನ್‌ನಲ್ಲಿ ಏಳುತ್ತದೆ, ಜುಲೈ ಕೊನೆಗೆ ತುದಿ ಮುಟ್ಟುತ್ತದೆ, ಆಗಸ್ಟ್‌ನಲ್ಲಿ ಬಿದ್ದುಬಿಡುತ್ತದೆ. ಸೆಪ್ಟೆಂಬರ್‌ನಲ್ಲಿ ಹೊಲ ಬರಿದು. ಅಕ್ಟೋಬರ್ ನಂತರ ಕಡಲೆಯ ಹಸಿರು ಮತ್ತೆ ಏಳುತ್ತದೆ, ಜನವರಿ, ಫೆಬ್ರವರಿಗೆ ಇಳಿಯುತ್ತದೆ. ಅಂದರೆ ನಿಮ್ಮ ಹೊಲದ ಗೆರೆಗೆ ವರ್ಷಕ್ಕೆ ಎರಡು ಗುಡ್ಡ, ನಡುವೆ ಒಂದು ತಗ್ಗು. ಗೋವಿನಜೋಳದ ಗೆರೆ ಬೇರೆ. ಅದು ಜುಲೈನಲ್ಲಿ ಏರಿ, ಆಗಸ್ಟ್ ಪೂರ್ತಿ ಮೇಲೇ ನಿಂತು, ಸೆಪ್ಟೆಂಬರ್‌ನಲ್ಲೂ ಹಸಿರಾಗಿದ್ದು, ಅಕ್ಟೋಬರ್ ಹೊತ್ತಿಗೆ ಒಣಗುತ್ತದೆ. ಜುಲೈ ಚಿತ್ರದಲ್ಲಿ ಎರಡೂ ಒಂದೇ ತರ ಕಾಣುತ್ತವೆ. ಸೆಪ್ಟೆಂಬರ್ ಮಧ್ಯದ ಚಿತ್ರದಲ್ಲಿ ಒಂದು ಕರಿ, ಒಂದು ಹಸಿರು. ನಿಮ್ಮ ತಮ್ಮನಿಗೆ ಹೇಳಿ, ಹುಡುಕಬೇಕಾದದ್ದು ಆ ಸೆಪ್ಟೆಂಬರ್ ಚಿತ್ರವನ್ನು.

ಕೇಳಲಿಕ್ಕೆ ಇಷ್ಟು ಸುಲಭ. ಆದರೆ ನಕಾಶೆಯಲ್ಲಿ ತಪ್ಪಾಗಲು ನಮ್ಮ ಕಡೆ ಗಟ್ಟಿ ಕಾರಣಗಳಿವೆ. ಅವುಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾಳೆ ಯಾರಾದರೂ ನಕಾಶೆ ಮುಂದೆ ಹಿಡಿದರೆ ನಿಮಗೆ ಪ್ರಶ್ನೆ ಕೇಳಲು ಬರಬೇಕು.

ಮೊದಲನೆಯದು ಚೌಕದ ಅಳತೆ. ಉಪಗ್ರಹದ ಚಿತ್ರ ಚಿಕ್ಕ ಚಿಕ್ಕ ಚೌಕಗಳಿಂದ ಆಗಿರುತ್ತದೆ, ಪಿಕ್ಸೆಲ್ ಅನ್ನುತ್ತಾರೆ. ಒಂದು ಪಿಕ್ಸೆಲ್‌ಗೆ ಒಂದೇ ಬಣ್ಣ, ಒಂದೇ ಹೆಸರು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಪಿಕ್ಸೆಲ್ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ ಸುಮಾರು 101 ಚದರ ಮೀಟರ್. ಹಾಗಾಗಿ ಒಂದು ಪಿಕ್ಸೆಲ್ ಅಂದರೆ ಒಂದು ಗುಂಟೆ ಅಂತ ಲೆಕ್ಕ ಹಾಕಬಹುದು. ನಿಮ್ಮ ನೂರು ಗುಂಟೆ ಹೊಲಕ್ಕೆ ನೂರು ಪಿಕ್ಸೆಲ್. ಅಂಚಿನ ಪಿಕ್ಸೆಲ್‌ಗಳಲ್ಲಿ ಅರ್ಧ ನಿಮ್ಮ ಹೆಸರು, ಅರ್ಧ ಬಾಜೂದವರ ಗೋವಿನಜೋಳ. ಅವನ್ನು ಬಿಟ್ಟರೆ ಶುದ್ಧವಾಗಿ ನಿಮ್ಮದೇ ಆದ ಪಿಕ್ಸೆಲ್ ಅರವತ್ತರ ಆಸುಪಾಸು ಉಳಿದಾವು. ಅಷ್ಟಿದ್ದರೆ ಕೆಲಸ ನಡೆಯುತ್ತದೆ.

ಅದೇ ಅಮೆರಿಕದ ಲ್ಯಾಂಡ್‌ಸ್ಯಾಟ್ ಆದರೆ ಪಿಕ್ಸೆಲ್ 30 ಮೀಟರ್, ಹತ್ತಿರ ಹತ್ತಿರ ಒಂಬತ್ತು ಗುಂಟೆ. ನಮ್ಮ ಇಸ್ರೋದ ರಿಸೋರ್ಸ್‌ಸ್ಯಾಟ್‌ನಲ್ಲಿರುವ ಲಿಸ್-3 ಕ್ಯಾಮೆರಾದ್ದು 23.5 ಮೀಟರ್, ಐದೂವರೆ ಗುಂಟೆ. 45 ಮೀಟರ್ ಅಗಲದ ಪಟ್ಟಿಯಲ್ಲಿ ಇಂಥ ಪಿಕ್ಸೆಲ್ ಅಡ್ಡಡ್ಡ ಒಂದು ಪೂರ್ತಿ ಕೂತರೆ ದೊಡ್ಡದು. ಅದೇ ಉಪಗ್ರಹದ ಎವೈಫ್ಸ್ ಕ್ಯಾಮೆರಾದ ಪಿಕ್ಸೆಲ್ 56 ಮೀಟರ್, ನಿಮ್ಮ ಹೊಲಕ್ಕಿಂತ ಅಗಲ. ಮೋಡಿಸ್ ಅನ್ನುವ ಇನ್ನೊಂದರದ್ದು 250 ಮೀಟರ್, ಒಂದು ಪಿಕ್ಸೆಲ್‌ಗೆ ಹದಿನೈದು ಎಕರೆ. ಇಂಥ ಚಿತ್ರದಿಂದ ಮಾಡಿದ ನಕಾಶೆಯಲ್ಲಿ ಬಾಜೂದವರ ಬೆಳೆ ನಿಮ್ಮ ಹೊಲವನ್ನು ನುಂಗಿಬಿಡುತ್ತದೆ. ಜಿಲ್ಲೆಯ ಬರ ನೋಡಲು ಅದು ಸಾಕು, ಒಂದು ಹಿಸ್ಸಾದ ಬೆಳೆ ಹೇಳಲು ಆಗುವುದಿಲ್ಲ. ಅಮೆರಿಕದಲ್ಲಿ ಹೊಲದ ಮಟ್ಟದ ಬೆಳೆ ನಕಾಶೆ ವರ್ಷಾ ಬರುತ್ತದೆ, ಅಲ್ಲಿ 30 ಮೀಟರ್ ಚಿತ್ರದಿಂದಲೇ ಚೆನ್ನಾಗಿ ಮಾಡಿದರು. ಅಲ್ಲಿ ನೂರಾರು ಎಕರೆಗೆ ಒಂದೇ ಬೆಳೆ. ನಮ್ಮ ಹೊಲಗಳ ಕಥೆ ಬೇರೆ ಅಲ್ವಾ?

ಎರಡನೆಯದು ಮೋಡ, ನನ್ನ ಪ್ರಕಾರ ಮುಂಗಾರಿ ನಕಾಶೆಯ ಅತಿ ದೊಡ್ಡ ಶತ್ರು. ಸೆಂಟಿನೆಲ್-2 ಜೋಡಿ ಉಪಗ್ರಹ, 2015ರಲ್ಲಿ ಒಂದು, 2017ರಲ್ಲಿ ಇನ್ನೊಂದು ಹೋಯಿತು. 2024ರಲ್ಲಿ ಹೋದ ಮೂರನೆಯದು ಈಗ ಮೊದಲನೆಯದರ ಜಾಗದಲ್ಲಿದೆ. ಜೋಡಿ ಸೇರಿ ಐದು ದಿನಕ್ಕೊಮ್ಮೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಮ್ಮ ತಲೆ ಮೇಲೆ ಹಾಯುತ್ತವೆ. ಹೆಸರಿನ ಎಪ್ಪತ್ತು ದಿನದಲ್ಲಿ ಹದಿನಾಲ್ಕು ಚಿತ್ರ ಸಿಗಬೇಕು. ಆದರೆ ಜೂನ್, ಜುಲೈ, ಆಗಸ್ಟ್‌ನಲ್ಲಿ ನಮ್ಮ ಆಕಾಶ ಹೇಗಿರುತ್ತದೆ ಅಂತ ನಿಮಗೇ ಗೊತ್ತು. ರೋಣದಲ್ಲಿ ಮಳೆ ಕಡಿಮೆ ಬಿದ್ದರೂ ಮೋಡ ಮಾತ್ರ ದಿನಗಟ್ಟಲೆ ಕೂತಿರುತ್ತದೆ. ಕಲಘಟಗಿ, ಹಾನಗಲ್ ಕಡೆ ಇನ್ನೂ ಕಷ್ಟ. ಸ್ವಚ್ಛ ಚಿತ್ರ ಎರಡೋ ಮೂರೋ ಸಿಕ್ಕರೆ ಪುಣ್ಯ. ಅವುಗಳ ಜೊತೆಗೆ ಸೆಪ್ಟೆಂಬರ್‌ನದ್ದೂ ಒಂದು ಸಿಗದಿದ್ದರೆ ಯಾವ ಗಣಕಯಂತ್ರವೂ ಹೆಸರನ್ನೂ ಗೋವಿನಜೋಳವನ್ನೂ ನಂಬುವಂತೆ ಬೇರ್ಪಡಿಸಲಾರದು.

ಮೋಡ ದಾಟಿ ನೋಡುವ ರಾಡಾರ್ ಉಪಗ್ರಹಗಳೂ ಇವೆ. ಸೆಂಟಿನೆಲ್-1 ಇದೆ. 2022ರಲ್ಲಿ ಇಸ್ರೋ ಹಾರಿಸಿದ ಇಒಎಸ್-04 ಇದೆ. 2025ರ ಜುಲೈನಲ್ಲಿ ಶ್ರೀಹರಿಕೋಟಾದಿಂದ ಹೋದ ಇಸ್ರೋ-ನಾಸಾ ಜಂಟಿ ಉಪಗ್ರಹ ನಿಸಾರ್ ಇದೆ. ಇವು ತಾವೇ ಅಲೆ ಕಳಿಸಿ ಅದರ ಮರುದನಿ ಹಿಡಿಯುತ್ತವೆ. ಹಗಲು, ರಾತ್ರಿ, ಮೋಡ ಯಾವುದೂ ಅಡ್ಡಿಯಲ್ಲ. ನೆಲಕ್ಕೆ ಹತ್ತಿ ಬೆಳೆಯುವ ಹೆಸರಿಗೂ ಆಳೆತ್ತರ ನಿಲ್ಲುವ ಗೋವಿನಜೋಳಕ್ಕೂ ಈ ಮರುದನಿಯಲ್ಲಿ ವ್ಯತ್ಯಾಸ ಕಾಣುತ್ತದೆ. ಆದರೆ ರಾಡಾರ್ ಚಿತ್ರದಲ್ಲಿ ಚುಕ್ಕೆ ಚುಕ್ಕೆ ಗದ್ದಲ ಜಾಸ್ತಿ. ನೆಲ ಹಸಿಯಾದರೆ, ಹೊಲ ಹರಗಿದರೆ ಸಂಖ್ಯೆ ಏರುಪೇರಾಗುತ್ತದೆ. ಚಿಕ್ಕ ಹೊಲಕ್ಕೆ ಅದನ್ನೊಂದನ್ನೇ ನೆಚ್ಚಿಕೊಳ್ಳಬಾರದು.

ಬೇರೆ ಕಡೆಯ ಪಾಠ ನಮ್ಮಲ್ಲಿ ಹೇಗೆ ಕೈಕೊಡುತ್ತದೆ ಅನ್ನುವುದಕ್ಕೆ ರಾಡಾರ್‌ನದ್ದೇ ಒಂದು ಉದಾಹರಣೆ ಇದೆ. ಭತ್ತ ಗುರುತಿಸುವುದು ರಾಡಾರ್‌ಗೆ ಅತಿ ಸುಲಭ ಅಂತ ಪುಸ್ತಕಗಳಲ್ಲಿ ಓದುತ್ತೇವೆ. ನಾಟಿಗೆ ಮುಂಚೆ ಗದ್ದೆಯಲ್ಲಿ ನೀರು ನಿಲ್ಲಿಸುತ್ತಾರೆ, ನೀರು ರಾಡಾರ್‌ಗೆ ಕರಿ ಕಾಣುತ್ತದೆ, ಆಮೇಲೆ ಬೆಳೆ ಎದ್ದಂತೆ ಬೆಳ್ಳಗಾಗುತ್ತದೆ. ಆದರೆ ಹಾನಗಲ್, ಕಲಘಟಗಿ ಕಡೆ ಕೂರಿಗೆಯಿಂದ ಒಣ ನೆಲಕ್ಕೆ ಭತ್ತ ಬಿತ್ತುವುದು ಹಳೆಯ ರೂಢಿ. ಅಲ್ಲಿ ಆ ಕರಿ ಗುರುತು ಬರುವುದೇ ಇಲ್ಲ. ಬೇರೆ ರಾಜ್ಯದ ಸೂತ್ರ ತಂದು ಇಲ್ಲಿ ಹಾಕಿದರೆ ಹಾನಗಲ್ಲಿನ ಭತ್ತ ನಕಾಶೆಯಿಂದ ಮಾಯ!

ಮೂರನೆಯದು ಹೊಲದ ಗಡಿ. ಉಪಗ್ರಹಕ್ಕೆ ಸರ್ವೆ ನಂಬರ್ ಗೊತ್ತಿಲ್ಲ. ಹಳೆಯ ಸರ್ವೆ ನಕಾಶೆಗಳನ್ನು ಗಣಕಯಂತ್ರಕ್ಕೆ ಏರಿಸಿ ಚಿತ್ರದ ಮೇಲೆ ಹೊದಿಸುತ್ತಾರೆ. ದಿಶಾಂಕ್ ಆ್ಯಪ್‌ನಲ್ಲಿ ನೀವು ನೋಡುವುದೂ ಹಾಗೆ ಹೊದಿಸಿದ ಗೆರೆಗಳನ್ನೇ. ಕೆಲವು ಕಡೆ ಆ ಗೆರೆ ಬದುವಿನ ಮೇಲೆ ಸರಿಯಾಗಿ ಕೂರುವುದಿಲ್ಲ. ಹದಿನೈದು ಮೀಟರ್ ಸರಿದಿದೆ ಅಂತ ಇಟ್ಟುಕೊಳ್ಳಿ. 45 ಮೀಟರ್ ಅಗಲದ ಹೊಲದಲ್ಲಿ ಮೂರರಲ್ಲಿ ಒಂದು ಪಾಲು ಬಾಜೂದವರದ್ದು ಲೆಕ್ಕಕ್ಕೆ ಬಂದುಬಿಡುತ್ತದೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಪೋಡಿ (ಅಳತೆ ಮಾಡಿಸಿ ನಕಾಶೆಯಲ್ಲಿ ಪಾಲು ಬೇರೆ ಮಾಡುವುದು) ಮಾಡಿಸದೇ ಬಿಟ್ಟಿದ್ದರೆ ಇನ್ನೂ ತೊಡಕು. ಪಹಣಿಯಲ್ಲಿ ಮಾಲೀಕರ ಹೆಸರು ಬೇರೆ ಬೇರೆ ಇರುತ್ತವೆ, ನಕಾಶೆಯಲ್ಲಿ ನಡುವಿನ ಗೆರೆಯೇ ಇರುವುದಿಲ್ಲ.

ನಾಲ್ಕನೆಯದನ್ನು ಜನ ಗಮನಿಸುವುದು ಕಡಿಮೆ. ಗಣಕಯಂತ್ರಕ್ಕೆ "ಹೆಸರು ಅಂದರೆ ಇಂಥ ಗೆರೆ, ಗೋವಿನಜೋಳ ಅಂದರೆ ಇಂಥದ್ದು" ಅಂತ ಮೊದಲು ಕಲಿಸಬೇಕು. ಕಲಿಸಲು ಹೊಲಕ್ಕೆ ಹೋಗಿ ಬೆಳೆ ಬರೆದುಕೊಂಡು ಬಂದ ಮಾದರಿಗಳು ಬೇಕು. ಆ ಮಾದರಿಗಳನ್ನು ರಸ್ತೆ ಪಕ್ಕದ ಹೊಲಗಳಲ್ಲೇ ತೆಗೆದುಕೊಂಡಿದ್ದರೆ, ಹೆಸರು ಕಿತ್ತ ಮೇಲೆ ಹೋಗಿದ್ದರೆ, ತಪ್ಪು ದಾಖಲೆಯಿಂದಲೇ ಎತ್ತಿಕೊಂಡಿದ್ದರೆ ಯಂತ್ರವೂ ತಪ್ಪನ್ನೇ ಕಲಿಯುತ್ತದೆ. ನಕಾಶೆ ಮಾಡುವ ಯಾವ ತಂಡವನ್ನು ಭೇಟಿಯಾದರೂ ನಾನು ಮೊದಲು ಕೇಳುವ ಪ್ರಶ್ನೆ, ಹೊಲಕ್ಕೆ ಯಾವ ತಿಂಗಳಲ್ಲಿ ಹೋಗಿದ್ದಿರಿ ಅಂತ. ಆ ಉತ್ತರದಲ್ಲೇ ನಕಾಶೆಯ ಯೋಗ್ಯತೆ ಅರ್ಧ ತಿಳಿಯುತ್ತದೆ.

ಇಲ್ಲಿಯವರೆಗೆ ಓದಿ, ಹಾಗಾದರೆ ಈ ನಕಾಶೆಗಳೆಲ್ಲ ಸುಮ್ನೆ ಅಂದುಕೊಳ್ಳಬೇಡಿ. ಭಾರತದಲ್ಲಿ ಈ ವಿದ್ಯೆ ಶುರುವಾದದ್ದೇ ಬೆಳೆಯಿಂದ. 1970ರ ಸುಮಾರಿಗೆ ವಿಜ್ಞಾನಿ ಪಿ. ಆರ್. ಪಿಷಾರೊಟಿ ಅವರ ತಂಡ ಕೇರಳದ ತೆಂಗಿನ ಬೇರು ಸೊರಗು ರೋಗವನ್ನು ಹೆಲಿಕಾಪ್ಟರ್‌ನಿಂದ ಅವಕೆಂಪು ಚಿತ್ರ ತೆಗೆದು ಗುರುತಿಸಿತು. 1988ರಲ್ಲಿ ನಮ್ಮದೇ ಉಪಗ್ರಹ ಐಆರ್‌ಎಸ್-1ಎ ಹೋಯಿತು. 2012ರಿಂದ ದೆಹಲಿಯ ಮಹಾಲನೋಬಿಸ್ ರಾಷ್ಟ್ರೀಯ ಬೆಳೆ ಮುನ್ಸೂಚನಾ ಕೇಂದ್ರ ದೇಶದ ಮುಖ್ಯ ಬೆಳೆಗಳ ಅಂದಾಜು ಕೊಡುತ್ತಿದೆ. ಬೆಂಗಳೂರಿನ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ, ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಇವೆಲ್ಲ ದೊಡ್ಡ ಕೆಲಸ ಮಾಡಿವೆ.

ಜಿಲ್ಲೆಯ ಅಂದಾಜು ಸರಿ ಇರುವುದಕ್ಕೂ ನಿಮ್ಮ ಹೊಲಕ್ಕೆ ಬರೆದ ಬೆಳೆ ಸರಿ ಇರುವುದಕ್ಕೂ ಮಾತ್ರ ಸಂಬಂಧ ಇಲ್ಲ. ನೂರು ಹೊಲ ಅಂತ ಇಟ್ಟುಕೊಳ್ಳಿ, ಐವತ್ತು ಹೆಸರು, ಐವತ್ತು ಗೋವಿನಜೋಳ. ನಕಾಶೆ ಎಂಟು ಹೆಸರಿನ ಹೊಲಗಳನ್ನು ಗೋವಿನಜೋಳ ಅಂದಿತು, ಎಂಟು ಗೋವಿನಜೋಳದ ಹೊಲಗಳನ್ನು ಹೆಸರು ಅಂದಿತು. ಒಟ್ಟು ನೋಡಿದರೆ ಹೆಸರು ಐವತ್ತು, ಗೋವಿನಜೋಳ ಐವತ್ತು. ಲೆಕ್ಕ ಪಕ್ಕಾ! ವರದಿಯಲ್ಲಿ ನಿಖರತೆ ನೂರಕ್ಕೆ 84 ಅಂತ ಬರೆಯುತ್ತಾರೆ, ಅದೂ ಒಳ್ಳೆಯ ಅಂಕವೇ. ಆದರೆ ತಪ್ಪಾದ ಆ ಹದಿನಾರು ಮನೆಗಳಿಗೆ ನಕಾಶೆ ಪೂರ್ತಿ ಸುಳ್ಳು. ಮಾರುಕಟ್ಟೆಗೆ ಎಷ್ಟು ಕಾಳು ಬರಬಹುದು ಅಂತ ಅಂದಾಜಿಸಲು ಆ ನಕಾಶೆ ಬಳಸಲಿ, ತಕರಾರಿಲ್ಲ. ಒಬ್ಬ ರೈತನ ಅರ್ಜಿ ತಿರಸ್ಕರಿಸಲು ಅದೊಂದನ್ನೇ ಬಳಸುವುದು ಅನ್ಯಾಯ. ಈ ಮಾತನ್ನು ನಾನು ಸಭೆಗಳಲ್ಲೂ ಹೇಳುತ್ತೇನೆ.

ಜನರಲ್ಲಿರುವ ಇನ್ನೆರಡು ತಪ್ಪು ತಿಳುವಳಿಕೆಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗೂಗಲ್ ನಕಾಶೆಯಲ್ಲಿ ಕಾಣುವ ನಿಮ್ಮ ಹೊಲ ಇವತ್ತಿನದಲ್ಲ. ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಗಳ ಹಿಂದಿನ ಚಿತ್ರ ಅದು. ಬದು, ಮರ, ಬಾವಿ ನೋಡಲು ಚೆಂದ, ಹೋದ ಮುಂಗಾರಿನ ಬೆಳೆಗೆ ಸಾಕ್ಷಿ ಆಗುವುದಿಲ್ಲ. ಎರಡನೆಯದು, ಪರಿಹಾರ ಎಷ್ಟು ಅಂತ ಉಪಗ್ರಹ ನಿಮ್ಮ ಹೊಲ ನೋಡಿ ತೀರ್ಮಾನಿಸುತ್ತದೆ ಅನ್ನುವುದು. ಹೆಸರಿನಂಥ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿಯೇ ಘಟಕ. ಅಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಸರಾಸರಿ ಇಳುವರಿ ತೆಗೆಯುತ್ತಾರೆ, ಅದನ್ನು ಹಿಂದಿನ ವರ್ಷಗಳ ಮಟ್ಟಕ್ಕೆ ಹೋಲಿಸುತ್ತಾರೆ. 2023ರ ಮುಂಗಾರಿನಿಂದ ಇಳುವರಿ ಲೆಕ್ಕದಲ್ಲಿ ತಂತ್ರಜ್ಞಾನದ ಅಂದಾಜಿಗೂ ಒಂದು ಪಾಲು ಕೊಡುವ ಪದ್ಧತಿ ಬಂತು, ಶುರುವಾದದ್ದು ಭತ್ತ ಮತ್ತು ಗೋಧಿಗೆ. ನಿಮ್ಮ ಪಂಚಾಯಿತಿಗೆ ಹೆಸರಿನ ಪರಿಹಾರ ಬಂದಿದೆ ಅಂದರೆ ಇಳುವರಿಯ ಪ್ರಶ್ನೆ ಮುಗಿದಿದೆ. ಉಳಿದಿರುವುದು "ನಿಮ್ಮ ಹೊಲದಲ್ಲಿ ಹೆಸರು ಇತ್ತೇ" ಅನ್ನುವುದೊಂದೇ.

ಹಾಗಾದರೆ ಈಗ ಏನು ಮಾಡಬಹುದು?

ಮೊದಲು ಬೆಳೆ ದರ್ಶಕ ಆ್ಯಪ್ ತೆರೆದು ಆ ವರ್ಷ, ಆ ಹಂಗಾಮು ಆರಿಸಿ ನಿಮ್ಮ ಹಿಸ್ಸಾ ನೋಡಿ. ಬರೆದ ಬೆಳೆ, ವಿಸ್ತೀರ್ಣ, ತೆಗೆದ ಫೋಟೊ ಕಾಣುತ್ತದೆ. ಫೋಟೊ ಯಾವ ಹೊಲದ್ದು ಅಂತ ನಿಮ್ಮ ಅಪ್ಪನ ಹತ್ತಿರ ತೋರಿಸಿ. ಹಿನ್ನೆಲೆಯ ಮರ, ಕಂಬ ನೋಡಿ ಅವರು ಹೇಳಿಬಿಡುತ್ತಾರೆ. ಬಾಜೂ ಹೊಲದ್ದೇ ಆಗಿದ್ದರೆ ನಿಮ್ಮ ಕೆಲಸ ಅರ್ಧ ಮುಗಿಯಿತು, ಉಪಗ್ರಹದ ಹಂಗೇ ಬೇಡ. ಅದೇ ಆ್ಯಪ್‌ನಲ್ಲಿ ಆಕ್ಷೇಪಣೆ ಹಾಕಬಹುದು. ಇದರ ತೊಂದರೆ ಏನೆಂದರೆ ಆಕ್ಷೇಪಣೆಗೆ ಗಡುವು ಇರುತ್ತದೆ. ಹೋದ ಮುಂಗಾರಿನದು ಬಹುಶಃ ಮುಗಿದಿರುತ್ತದೆ. ಆಗ ಲಿಖಿತ ಅರ್ಜಿಯೇ ದಾರಿ. ವಿಮೆ ಯೋಜನೆಯಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಸಮಿತಿ ಇದೆ. ರೈತ ಸಂಪರ್ಕ ಕೇಂದ್ರದ ಮೂಲಕ ಅಲ್ಲಿಗೆ ಹೋಗಬಹುದು. ಹೆಸರು ಬೀಜ ತಂದ ರಸೀದಿ, ಎಪಿಎಂಸಿಗೆ ಸ್ವಲ್ಪವಾದರೂ ಕಾಳು ಹಾಕಿದ್ದರೆ ಅದರ ಚೀಟಿ, ಮೊಬೈಲ್‌ನಲ್ಲಿ ಆಗ ತೆಗೆದ ಫೋಟೊ ಏನಿದ್ದರೂ ಜೋಡಿಸಿ.

ಉಪಗ್ರಹ ಚಿತ್ರವನ್ನೂ ಆ ಅರ್ಜಿಗೆ ಜೋಡಿಸಿ ಅಂತಲೇ ನನ್ನ ಸಲಹೆ. ಕೊಪರ್ನಿಕಸ್ ಬ್ರೌಸರ್ ಅನ್ನುವ ಜಾಲತಾಣದಲ್ಲಿ ಸೆಂಟಿನೆಲ್-2 ಚಿತ್ರಗಳು ಪುಕ್ಕಟೆ ಸಿಗುತ್ತವೆ. ತಮ್ಮನಿಗೆ ಹೀಗೆ ಮಾಡಲು ಹೇಳಿ. ಮೊದಲು ಹೊಲಕ್ಕೆ ಹೋಗಿ ನಾಲ್ಕೂ ಮೂಲೆಯ ಜಿಪಿಎಸ್ ಅಂಕಿ ಬರೆದುಕೊಳ್ಳಲಿ, ದಿಶಾಂಕ್ ಗೆರೆಯನ್ನೇ ನಂಬುವುದು ಬೇಡ. ಆಮೇಲೆ ಜೂನ್‌ನಿಂದ ಫೆಬ್ರವರಿವರೆಗೆ ಮೋಡ ಇಲ್ಲದ ಪ್ರತಿ ತಾರೀಖಿನ ಚಿತ್ರ ತೆಗೆದಿಡಲಿ. ಬಾಜೂದವರ ಗೋವಿನಜೋಳದ ಹೊಲವೂ ಅದೇ ಚಿತ್ರದಲ್ಲಿ ಕಾಣುವಂತೆ ಇರಲಿ, ಹೋಲಿಕೆಗೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಹೊಲದ ನಡುವಿನ ಪಿಕ್ಸೆಲ್‌ಗಳನ್ನು ಮಾತ್ರ ನೋಡಲಿ, ಅಂಚಿನವು ಬೇಡ. ತಾರೀಖು ಚಿತ್ರದ ಮೇಲೇ ಇರಬೇಕು.

ಇದರಿಂದ ಏನು ಸಾಬೀತಾಗುತ್ತದೆ, ಏನು ಆಗುವುದಿಲ್ಲ ಅನ್ನುವುದರಲ್ಲಿ ಎಚ್ಚರ ಇರಲಿ. "ಸೆಪ್ಟೆಂಬರ್ ಎರಡನೇ ವಾರ ಈ ಹೊಲ ಬರಿದಾಗಿತ್ತು, ಎರಡೂ ಬಾಜೂ ಹಸಿರಿತ್ತು, ಹಾಗಾಗಿ ಇಲ್ಲಿ ನಾಲ್ಕು ತಿಂಗಳ ಗೋವಿನಜೋಳ ಇರಲು ಸಾಧ್ಯವಿಲ್ಲ" ಅಂತ ಧೈರ್ಯವಾಗಿ ಬರೆಯಬಹುದು. "ಇಲ್ಲಿದ್ದದ್ದು ಹೆಸರೇ" ಅಂತ ಚಿತ್ರ ಹೇಳುವುದಿಲ್ಲ, ಉದ್ದು ಕೂಡ ಹೆಚ್ಚುಕಡಿಮೆ ಅದೇ ಗೆರೆ ಎಳೆಯುತ್ತದೆ. ಅದನ್ನು ಬೀಜದ ರಸೀದಿ ಹೇಳಬೇಕು. ಹೆಸರು ಕಿತ್ತ ಮೇಲೆ ಹೊಲ ಹರಗದೇ ಬಿಟ್ಟಿದ್ದು ಮಳೆಗೆ ಕಸ ಎದ್ದಿದ್ದರೆ ಸೆಪ್ಟೆಂಬರ್ ಚಿತ್ರದಲ್ಲಿ ತುಸು ಹಸಿರು ಕಾಣಬಹುದು. ಗೋವಿನಜೋಳದಷ್ಟು ದಟ್ಟ ಇರುವುದಿಲ್ಲ, ಆದರೂ ಪ್ರಶ್ನೆ ಏಳುತ್ತದೆ, ಉತ್ತರ ಸಿದ್ಧ ಇರಲಿ. ಸೆಪ್ಟೆಂಬರ್ ಪೂರ್ತಿ ಮೋಡವಿದ್ದು ಒಂದೂ ಚಿತ್ರ ಸಿಗದಿದ್ದರೆ ಈ ದಾರಿ ಅಲ್ಲಿಗೆ ನಿಂತಿತು. ಸಮಿತಿಯವರು ಇದನ್ನು ಒಪ್ಪಲೇಬೇಕು ಅಂತ ಎಲ್ಲೂ ಇಲ್ಲ. ಆದರೆ ಉಪಗ್ರಹದ ಹೆಸರು ಹೇಳಿ ತಿರಸ್ಕರಿಸಿದವರ ಮುಂದೆ ಉಪಗ್ರಹದ್ದೇ ಚಿತ್ರ ಇಟ್ಟರೆ ಅವರು ಕೂತು ನೋಡಬೇಕಾಗುತ್ತದೆ.

ದುಡ್ಡು ಕೊಟ್ಟರೆ 3 ಮೀಟರ್ ಪಿಕ್ಸೆಲ್‌ನ ಖಾಸಗಿ ಚಿತ್ರ ಸಿಗುತ್ತದೆ, ದಿನಾ ತೆಗೆದದ್ದು. ಎರಡೂವರೆ ಎಕರೆಗೆ ಆ ಖರ್ಚು ಬೇಡ ಅಂತಲೇ ಹೇಳುತ್ತೇನೆ, ಮೋಡಕ್ಕೆ ಅದೂ ಸೋಲುತ್ತದೆ. ಡ್ರೋನ್ ಹಾರಿಸುವವರೂ ಸಿಗುತ್ತಾರೆ. ಹೋದ ವರ್ಷದ ಬೆಳೆಯನ್ನು ಡ್ರೋನ್ ತೋರಿಸಲಾರದು.

ಇನ್ನು ನಿಮ್ಮ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿಯ ಹೊಲ. ನಿಜ ಹೇಳಬೇಕೆಂದರೆ ಇಡೀ ಧಾರವಾಡ, ಗದಗ, ಹಾವೇರಿ ಪಟ್ಟಿಯಲ್ಲಿ ನಕಾಶೆ ಮಾಡುವವರಿಗೆ ಇದಕ್ಕಿಂತ ಕಠಿಣ ಹೊಲ ಇಲ್ಲ. ಕುಂದಗೋಳ, ಅಣ್ಣಿಗೇರಿ, ನವಲಗುಂದ ಎಲ್ಲ ಕಡೆ ಈ ಪದ್ಧತಿ ಇದೆ. ಒಂದು ಗುಂಟೆಯ ಪಿಕ್ಸೆಲ್ ಒಳಗೆ ಮೂರೂ ಬೆಳೆಯ ಸಾಲು ಇರುತ್ತವೆ, ನಡುನಡುವೆ ಕರಿ ಮಣ್ಣೂ ಕಾಣುತ್ತದೆ. ಹಸಿರು ಮೆಲ್ಲಗೆ ಏರುತ್ತದೆ. ಅಕ್ಟೋಬರ್ ಸುಮಾರಿಗೆ ಉಳ್ಳಾಗಡ್ಡಿ ಕಿತ್ತಾಗ ಸ್ವಲ್ಪ ಕುಸಿಯುತ್ತದೆ. ಮತ್ತೆ ಏರಿ ಡಿಸೆಂಬರ್, ಜನವರಿ ತನಕ ಹತ್ತಿ, ಮೆಣಸಿನಕಾಯಿಯ ಹಸಿರು ಉಳಿಯುತ್ತದೆ. ಯಂತ್ರಕ್ಕೆ ಇದು ಹತ್ತಿಯ ಗೆರೆಯ ಹಾಗೇ ಕಾಣುವುದರಿಂದ "ಹತ್ತಿ" ಅಂತ ಬರೆದುಬಿಡುತ್ತದೆ. ಮನೆ ನಡೆಯುವುದು ಮೆಣಸಿನಕಾಯಿ ರೊಕ್ಕದ ಮೇಲೆ, ನಕಾಶೆಯಲ್ಲಿ ಅದರ ಸುಳಿವೇ ಇಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಹೀಗಾಗುವುದು ನನಗೆ ನಿಜಕ್ಕೂ ಬೇಸರದ ವಿಷಯ. ಹತ್ತು ಮೀಟರ್ ಪಿಕ್ಸೆಲ್ ಇಟ್ಟುಕೊಂಡು ಇದಕ್ಕೆ ಪೂರ್ತಿ ಪರಿಹಾರ ಇವತ್ತು ಇಲ್ಲ.

ಹಾಗಾಗಿ ಆ ಹೊಲಕ್ಕೆ ನೆಲದ ದಾಖಲೆಯೇ ಆಧಾರ. ಸಮೀಕ್ಷೆಯಲ್ಲಿ ಮಿಶ್ರ ಬೆಳೆ ಅಂತಲೇ ಬರೆಸಿ, ಯಾವುದು ಎಷ್ಟು ಪಾಲು ಅಂತ ಸಾಲು ಎಣಿಸಿ ಹೇಳಿ. ಉಳ್ಳಾಗಡ್ಡಿ ಕೀಳುವ ಮುಂಚೆ ಒಂದು ಫೋಟೊ, ಮೆಣಸಿನಗಿಡ ಹೂ ಬಿಟ್ಟಾಗ ಒಂದು ಫೋಟೊ, ಸಾಲುಗಳು ಸ್ಪಷ್ಟ ಕಾಣುವಂತೆ, ಮೊಬೈಲ್‌ನಲ್ಲಿ ಜಿಪಿಎಸ್ ಹಾಕಿಕೊಂಡು ತೆಗೆದಿಡಿ. ಆ್ಯಪ್‌ನಲ್ಲಿ ನೀವೇ ಸಮೀಕ್ಷೆ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಆದರೆ ಬದುವಿನ ಮೇಲೆ ನಿಂತು ಮಾಡಬೇಡಿ, ಹೊಲದ ನಡುವೆ ನಿಂತು ಜಿಪಿಎಸ್ ಸ್ಥಿರವಾಗಲು ಒಂದೆರಡು ನಿಮಿಷ ಬಿಡಿ. ಹಿಸ್ಸಾ ತಪ್ಪಾಗಿ ಆರಿಸಿದರೆ ಆ ತಪ್ಪು ನಿಮ್ಮ ಹೆಸರಿನಲ್ಲೇ ದಾಖಲಾಗುತ್ತದೆ.

ಹಿಂಗಾರಿ ಕಡಲೆಯ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ನವೆಂಬರ್ ಕಳೆದರೆ ಆಕಾಶ ತಿಳಿ, ಐದು ದಿನಕ್ಕೊಂದು ಚಿತ್ರ ತಪ್ಪದೇ ಸಿಗುತ್ತದೆ. ಕಡಲೆ ಬೇಗ ಒಣಗುತ್ತದೆ, ಬಿಳಿಜೋಳ ಇನ್ನೂ ಕೆಲವು ವಾರ ನಿಲ್ಲುತ್ತದೆ, ನೋಡಿ ಬೇರ್ಪಡಿಸಬಹುದು. ಕಡಲೆಯ ನಡುವೆ ಕುಸುಬಿ ಅಕ್ಕಡಿ ಸಾಲು ಹಾಕಿದ್ದರೆ ಮಾತ್ರ ಅದನ್ನೂ ಬರೆಸಿ.

ಮುಂದಿನ ಮುಂಗಾರಿಗೆ ಹೆಸರು ಬಿತ್ತಿದರೆ ಜುಲೈನಲ್ಲೇ, ಕಾಯಿ ಹಿಡಿಯುವ ಹೊತ್ತಿಗೆ, ಸಮೀಕ್ಷೆ ಮುಗಿಸಿಕೊಳ್ಳಿ. ಸಮೀಕ್ಷೆಯವರು ಬರಲಿ ಅಂತ ಕಾಯಬೇಡಿ. ಆಗಸ್ಟ್‌ನಲ್ಲಿ ಒಮ್ಮೆ ಬೆಳೆ ದರ್ಶಕ ತೆರೆದು ನೋಡಿ, ತಪ್ಪಿದ್ದರೆ ಅವತ್ತೇ ಆಕ್ಷೇಪಣೆ ಹಾಕಿ. ಹೋದ ವರ್ಷದ ಅರ್ಜಿಗೆ ನಿಮ್ಮ ತಮ್ಮ ಚಿತ್ರಗಳನ್ನು ತೆಗೆದ ಮೇಲೆ ಮೂಲೆಗಳ ಅಂಕಿ ಸಮೇತ ನನಗೆ ಕಳಿಸಲಿ. ಯಾವ ತಾರೀಖಿನದು ಗಟ್ಟಿ ಸಾಕ್ಷಿ, ಯಾವುದರಲ್ಲಿ ತೆಳು ಮೋಡದ ನೆರಳಿದೆ ಅಂತ ನೋಡಿ ಹೇಳುತ್ತೇನೆ. ತೆಳು ಮೋಡ ಇದ್ದರೆ ಹಸಿರು ಹೊಲವೂ ಬರಿದಾಗಿ ಕಾಣುತ್ತದೆ, ಅಂಥ ಚಿತ್ರ ಅರ್ಜಿಗೆ ಸೇರಿದರೆ ಉಳಿದವುಗಳ ಮೇಲೂ ಅನುಮಾನ ಬರುತ್ತದೆ.